ಬೋರಿಂಗಿನ ಕಡೆಗೆ ಸರಿದ ಚುಕ್ಕೆಗಳು

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಬರೆಯಲು ಕೂತರೆ ಅಕ್ಷರಗಳು ಹಗ್ಗ ಬಿಚ್ಚಿದ ಕರುಗಳಂತೆ ಒಂದೊಂದು ದಿಕ್ಕಿಗೆ ಓಡುತ್ತವೆ. ಆದರೂ ಮೊಮ್ಮಕ್ಕಳ ಮಾತು ಬಂದರೆ ನನ್ನನ್ನು ಹಿಡಿಯುವವರಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಸಂತೆಯಲ್ಲಿ ಈರುಳ್ಳಿ ತೂಗುವವನಿಗೆ, ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವವಳಿಗೆ, ಎಲ್ಲರಿಗೂ ಹೇಳಿ ಮುಗಿಸಿದ್ದೇನೆ. ಉಳಿದವರು ನೀವು. ನನಗೆ ಮೂವರು ಮೊಮ್ಮಕ್ಕಳು, ಮೂರೂ ಹೆಣ್ಣು, ಮೂರೂ ನನ್ನ ಎದೆಯ ಮೇಲೆ ಕುಣಿದವು. ಆದರೆ ಮೂರನೆಯದು ಹುಟ್ಟುವ ಮೊದಲಿನ ಆ ಬೇಸಿಗೆಯನ್ನು ನೆನೆದರೆ ಇಷ್ಟೆಲ್ಲ ಸಂತೋಷದ ನಡುವೆಯೂ ನನ್ನ ಅಂಗೈ ತಣ್ಣಗಾಗುತ್ತದೆ. ಹುಟ್ಟಲಿರುವ ಆ ಕೂಸನ್ನು ನನ್ನ ಮನೆಗೆ ತರಬೇಕೋ, ನನ್ನ ಮನೆಯಿಂದಲೇ ದೂರ ಇಡಬೇಕೋ ಎಂದು ನಾನು ಆಗ ತೀರ್ಮಾನ ಮಾಡಬೇಕಾಗಿತ್ತು.

ನಮ್ಮೂರು ಜಗಳೂರಿನ ಹತ್ತಿರ. ಊರಿಗೆ ಎರಡೇ ಓಣಿ. ಮೇಲಿನ ಓಣಿಯಲ್ಲಿ ಒಂದು ಮನೆತನದವರು, ಕೆಳಗಿನ ಓಣಿಯಲ್ಲಿ ನನ್ನ ಗಂಡನ ಅಣ್ಣತಮ್ಮಂದಿರು. ನೀರಿಗೆ ಇದ್ದದ್ದು ಮೇಲಿನ ಓಣಿಯ ಸೇದುವ ಬಾವಿಯೊಂದೇ. ಅವರ ಹೆಂಗಸರು ಸೇದಿ ಮುಗಿಸುವವರೆಗೆ ನಾವು ಕೊಡ ಹಿಡಿದು ನಿಂತು, ಅವರ ಚುಚ್ಚುಮಾತು ಕೇಳಿಸಿಕೊಂಡು ನೀರು ತರಬೇಕಾಗಿತ್ತು. ಎಪ್ಪತ್ತರ ದಶಕದ ಶುರುವಿನಲ್ಲಿ ಬೋರು ಕೊರೆಯುವ ಲಾರಿ ಬಂತು. ಜಾಗ ಯಾರು ಕೊಡುತ್ತೀರಿ ಎಂದು ಕೇಳಿದಾಗ ನನ್ನ ಗಂಡ ಹಿಂದೆಮುಂದೆ ನೋಡದೆ ನಮ್ಮ ಮನೆಯ ಮುಂದಿನ ಮೂಲೆಯನ್ನು ಕೊಟ್ಟರು. ಅಲ್ಲೊಂದು ಹುತ್ತವಿತ್ತು. ಅದನ್ನು ಕೆಡವಿಯೇ ಕೊರೆದರು.

ನೀರು ಚಿಮ್ಮಿದಾಗ ಓಣಿಯ ಹೆಂಗಸರೆಲ್ಲ ತೊಯ್ದು ತೊಪ್ಪೆಯಾಗಿ ನಕ್ಕೆವು. ಕೈಪಂಪು ನಿಲ್ಲಿಸಿದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವು ಏರಿಸಿ, ಕಾಯಿ ಒಡೆದವಳು ನಾನೇ. ನಮ್ಮ ಕಡೆ ಅದಕ್ಕೆ ಬೋರಿಂಗ್ ಎನ್ನುತ್ತೇವೆ. ಕನ್ನಡಿಯಂಥ ತಿಳಿನೀರು, ಬೇಸಿಗೆಯಲ್ಲೂ ತಂಪು. ಇನ್ನು ಯಾರ ಬಾವಿಕಟ್ಟೆಯ ಮುಂದೂ ನಿಲ್ಲುವುದಿಲ್ಲ ಎಂದು ನಮ್ಮ ಓರಗಿತ್ತಿ ಹಳೆಯ ಹಗ್ಗವನ್ನು ಒಲೆಗೆ ಹಾಕಿಬಿಟ್ಟಳು.

ಆಮೇಲೆ ಏನೂ ಆಗಲಿಲ್ಲ. ವರ್ಷಗಟ್ಟಲೆ ಏನೂ ಆಗಲಿಲ್ಲ. ನನಗೆ ಇವತ್ತಿಗೂ ಹೆದರಿಕೆ ಹುಟ್ಟಿಸುವುದು ಅದೇ. ಕೆಟ್ಟದ್ದು ಬರುವುದಿದ್ದರೆ ಮರುದಿನವೇ ಬರಬೇಕಿತ್ತು, ಆಗ ಕಾರಣ ಕಾಣುತ್ತಿತ್ತು. ಇದು ನೆಲದೊಳಗೆ ಬಿತ್ತಿದ್ದನ್ನು ಎಲ್ಲರೂ ಮರೆತ ಮೇಲೆ ಮೊಳಕೆ ಬಂದ ಹಾಗೆ ಬಂತು.

ನನ್ನ ದೊಡ್ಡ ಮಗಳನ್ನು ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಗೆ ಕೊಟ್ಟಿದ್ದೆವು. ಅವಳ ಮೊದಲ ಬಾಣಂತನ ನಮ್ಮಲ್ಲೇ ಆಯಿತು. ಬೇಗ ಎರಡನೆಯದೂ ಬಸಿರಾದ್ದರಿಂದ ಮೊದಲ ಮಗುವನ್ನು ನನ್ನ ಹತ್ತಿರವೇ ಬಿಟ್ಟಳು. ಶಾಲೆಗೆ ಸೇರುವವರೆಗೆ ಅದು ನನ್ನ ಸೆರಗು ಹಿಡಿದೇ ಬೆಳೆಯಿತು. ಎರಡನೆಯ ಬಾಣಂತನದ ಹೊತ್ತಿಗೆ ನನಗೆ ಜ್ವರ ಹತ್ತಿದ್ದರಿಂದ ಆ ಕೂಸು ಕೆರೆಬಿಳಚಿಯಲ್ಲೇ ಹುಟ್ಟಿ ಅಲ್ಲೇ ಬೆಳೆಯಿತು. ದೊಡ್ಡ ಮೊಮ್ಮಗಳಿಗೆ ಹಾಲುಹಲ್ಲು ಬಿದ್ದು ಎರಡನೇ ಹಲ್ಲು ಬಂದಾಗ ಅವುಗಳ ಮೇಲೆ ಸುಣ್ಣ ಬಳಿದಂಥ ಗೆರೆಗಳಿದ್ದವು. ವರ್ಷ ಕಳೆದಂತೆ ಗೆರೆಗಳು ಕಂದಾದವು. ಎಂಟು ವರ್ಷದ ಮಗುವಿನ ಬಾಯಿ, ಹೊಗೆಸೊಪ್ಪು ಹಾಕುವ ಮುದುಕಿಯ ಬಾಯಿಯಂತಾಯಿತು. ಉಪ್ಪು ಹಾಕಿ ಉಜ್ಜಿದೆವು, ಇದ್ದಿಲು ಹಾಕಿ ಉಜ್ಜಿದೆವು. ವಸಡಿನಲ್ಲಿ ರಕ್ತ ಬಂತೇ ಹೊರತು ಬಣ್ಣ ಹೋಗಲಿಲ್ಲ.

ಅಷ್ಟರಲ್ಲಿ ನಮ್ಮ ಓಣಿಯ ಮಕ್ಕಳದ್ದೂ ಒಂದೊಂದಾಗಿ ಹಾಗೇ ಕಾಣತೊಡಗಿತು. ಒಬ್ಬ ಹುಡುಗಿಗೆ ಓಡುವಾಗ ಮಂಡಿಗೆ ಮಂಡಿ ಬಡಿಯುತ್ತಿತ್ತು. ನನ್ನ ಭಾವನವರ ಕತ್ತು ಬಿಗಿದು, ಯಾರಾದರೂ ಕರೆದರೆ ಎತ್ತಿನಗಾಡಿ ಹೊರಳಿಸಿದಂತೆ ಇಡೀ ಮೈ ತಿರುಗಿಸಿ ನೋಡುತ್ತಿದ್ದರು. ಮೇಲಿನ ಓಣಿಯಲ್ಲಿ ಇದ್ಯಾವುದೂ ಇಲ್ಲ. ಅವರ ಮಕ್ಕಳು ನಕ್ಕರೆ ಜೋಳ ಒಡೆದು ಅರಳಿದ ಹಾಗೆ.

ಹುತ್ತ ಕೆಡವಿದ್ದಕ್ಕೆ ನಾಗದೋಷ ಎಂದು ಊರು ತೀರ್ಮಾನಿಸಿತು. ಬೋರು ಕೊರೆದ ಮೇಲೆ ಹುಟ್ಟಿದ ಮಕ್ಕಳಿಗೇ ಹೀಗಾಗಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಯಾರೂ ನೀರಿನ ಮೇಲೆ ಬೆರಳು ತೋರಿಸಲಿಲ್ಲ. ನಮ್ಮಲ್ಲಿ ಓಣಿ ಎಂದರೆ ಮನೆತನ, ಮನೆತನ ಎಂದರೆ ರಕ್ತ. ಕೆಳಗಿನ ಓಣಿಯಲ್ಲಿ ಕಾಣಿಸಿಕೊಂಡದ್ದು ಕೆಳಗಿನ ಓಣಿಯವರ ರಕ್ತದಲ್ಲೇ ಇರಬೇಕು. ಮೇಲಿನ ಓಣಿಯವರು ನಮಗೆ ಹೆಣ್ಣು ಕೊಡುವುದನ್ನು ನಿಲ್ಲಿಸಿದರು. ಯಾವತ್ತೋ ಬೋರಿಂಗ್ ಕೆಟ್ಟು ನಾನು ಕೊಡ ಹಿಡಿದು ಹೋದಾಗ ಬಾವಿಕಟ್ಟೆಯಿಂದ ಒಬ್ಬಳು ಕೂಗಿದಳು: "ಬ್ಯಾಡ್ರವ್ವಾ, ನಿಮ್ಮ ಕೊಡ ಇಳಿಸಬ್ಯಾಡ್ರಿ. ಆ ದೋಷ ನಮ್ಮ ಬಾವಿಗೂ ತಗಲೀತು."

ಒಮ್ಮೆ ಊಟಕ್ಕೆ ಬಡಿಸುತ್ತ ನಾನೇ ಗಂಡನಿಗೆ ಮೆಲ್ಲಗೆ ಕೇಳಿದೆ, "ನೀರಿಂದೇನಾರ ಇರಬೌದಾ?"

ಅವರು ನಕ್ಕರು. "ನೀನು ಸವಳಂಗದಾಕೆ. ಬೇರೆ ರಕ್ತ. ಬೋರು ಕೊರೆದಾಗ್ಲಿಂದ ಅದೇ ನೀರು ಕುಡೀತೀಯ. ಕನ್ನಡಿ ನೋಡ್ಕ ಹೋಗು, ನಿನ್ನ ಹಲ್ಲು ಉದ್ದಿನಬ್ಯಾಳೆ ಇದ್ದಂಗದಾವೆ. ನೀರಿಂದಾಗಿದ್ರೆ ನಿನಗೆ ಯಾಕಿಲ್ಲ?"

ಅವರು ಬೋರಿಂಗಿನ ಪಕ್ಕ ನಾಗರಕಲ್ಲು ನಿಲ್ಲಿಸಿ ಪೂಜೆ ಮಾಡಿಸಿದರು. ಪೂಜೆಯ ಪಾನಕವನ್ನೂ ಬೋರಿಂಗಿನ ನೀರಿನಲ್ಲೇ ಮಾಡಿದೆವು.

ಎಂಬತ್ತರ ದಶಕ ಹುಟ್ಟುವ ಹೊತ್ತಿಗೆ ನನ್ನ ಚಿಕ್ಕ ಮಗಳು ಹೊನ್ನಾಳಿಯಲ್ಲಿ ಬಸಿರಾದಳು. ಮದುವೆಯಾಗಿ ಎಷ್ಟೋ ವರ್ಷ ಕಾದು, ಹರಕೆ ಹೊತ್ತು ನಿಂತ ಬಸಿರು. ಅವಳು ಬಾಲವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಕುಬುಸದ ಶಾಸ್ತ್ರ, ಅಂದರೆ ಸೀಮಂತ, ಮುಗಿಸಿ ನಾವು ಕರೆದುಕೊಂಡು ಬರುವುದು, ಬಾಣಂತನ ಮುಗಿದ ಮೇಲೆ ಅವಳು ಕೆಲಸಕ್ಕೆ ಹೋಗುವುದು, ಕೂಸು ಶಾಲೆಗೆ ಸೇರುವವರೆಗೆ ನನ್ನ ಹತ್ತಿರವೇ ಇರುವುದು ಎಂದು ಮಾತಾಗಿತ್ತು. ನಾನು ಹಳೆಯ ಸೀರೆಗಳನ್ನು ಒಗೆದು ಮಡಚಿಟ್ಟೆ. ತೊಟ್ಟಿಲಿಗೆ ಎಣ್ಣೆ ಹಚ್ಚಿದೆ. ಒಬ್ಬಳೇ ಇದ್ದಾಗ ಖಾಲಿ ತೊಟ್ಟಿಲು ತೂಗಿ ನಕ್ಕದ್ದೂ ಉಂಟು. ಮತ್ತೆ ತೊಟ್ಟಿಲನ್ನು ಕೈಯಿಂದ ತಡೆದು ನಿಲ್ಲಿಸುತ್ತಿದ್ದೆ, ಏಕೆಂದರೆ ಬಾಗಿಲಾಚೆ ಬೋರಿಂಗಿನ ಕೈ ಕಿರಗುಟ್ಟುತ್ತಿತ್ತು.

ಆ ಬೇಸಿಗೆಯಲ್ಲೇ ನ್ಯಾಮತಿಯ ಒಬ್ಬ ಹುಡುಗಿ ನಮ್ಮೂರಿಗೆ ಬಂದಳು. ಭೂಗೋಳ ಓದುವವಳು. ಯಾವ ಊರಲ್ಲಿ, ಯಾವ ಕಾಲದಲ್ಲಿ, ಎಂಥ ನೀರು, ಯಾರಿಗೆ ಏನು ಕಾಯಿಲೆ ಎಂದು ನಕ್ಷೆ ಬರೆಯುವುದು ಅವಳ ಓದು. ಬಗಲಲ್ಲಿ ಆರಪಾರ ಕಾಣುವ ತೆಳು ಹಾಳೆಗಳ ಸುರುಳಿ, ಕೈಯಲ್ಲಿ ಬಣ್ಣದ ಪೆನ್ಸಿಲ್ಲು. ನನ್ನ ತವರು ಸವಳಂಗ ಎಂದು ತಿಳಿದ ಕೂಡಲೇ "ಹಂಗಾರೆ ನೀವು ನಮ್ಮ ಕಡೆಯೋರೇ ಆದ್ರಿ ಅವ್ವಾ" ಎಂದು ನಮ್ಮ ಪಡಸಾಲೆಯಲ್ಲೇ ಚಾಪೆ ಹಾಸಿಕೊಂಡಳು.

ಮೊದಲ ದಿನ ಅವಳನ್ನು ಕಂಡು ಗಂಡಸರೆಲ್ಲ ಹೊಲದ ದಾರಿ ಹಿಡಿದರು. ಮಕ್ಕಳಾಗದ ಆಪರೇಷನ್ನಿಗೆ ಗಂಡಸರನ್ನು ಹಿಡಿದುಕೊಂಡು ಹೋಗುವವರು ಬಂದಿದ್ದಾರೆಂದು ಗುಲ್ಲು. ಕೆಲ ವರ್ಷಗಳ ಹಿಂದಿನ ಅಂಜಿಕೆ ಇನ್ನೂ ಯಾರ ಹೊಟ್ಟೆಯಿಂದಲೂ ಇಳಿದಿರಲಿಲ್ಲ. ನಮ್ಮ ಓರಗಿತ್ತಿ ಬಾಗಿಲಲ್ಲಿ ಅಡ್ಡ ನಿಂತು ಕೇಳಿದಳು, "ನಮ್ಮನೆಯೋರಿಗೆ ವಯಸ್ಸಾಗೈತೆ ಕಣವ್ವ, ಅವರನ್ನ ಕೊಯ್ದು ನಿನಗೇನು ಬರ್ತೈತೆ?"

ಹುಡುಗಿ ಕೆಂಪಾಗಿ, "ಅಯ್ಯೋ, ನಾನು ಹಲ್ಲು ನೋಡಾಕೆ ಬಂದೀನಿ ಅಕ್ಕಾರೆ" ಎಂದಳು.

"ಹಲ್ಲು ಕೀಳಾಕಾ?"

"ನೋಡಾಕೆ ಅಷ್ಟೇ!"

ಅವತ್ತಿನಿಂದ ನಾನೇ ಅವಳ ಜೊತೆ ಮನೆಮನೆಗೆ ಹೋದೆ. ನಾನಿದ್ದರೆ ಹೆಂಗಸರು ಮಾತಾಡುತ್ತಿದ್ದರು. ಮೇಲಿನ ಓಣಿಯಲ್ಲಿ ನನ್ನನ್ನು ಕಟ್ಟೆಯ ಕೆಳಗೇ ನಿಲ್ಲಿಸಿದರು, ಅವಳನ್ನು ಮಾತ್ರ ಒಳಗೆ ಕರೆದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ಎಲ್ಲಿ, ನಗ್ರಿ ನೋಡನ" ಎನ್ನುತ್ತಿದ್ದಳು. ಕೆಳಗಿನ ಓಣಿಯಲ್ಲಿ ಹಾಗೆಂದಾಗ ಒಂದು ಮಗುವೂ ನಗಲಿಲ್ಲ. ತುಟಿ ಬಿಗಿಹಿಡಿದು ನೆಲ ನೋಡುತ್ತ ನಿಂತವು. ಆ ಮಕ್ಕಳು ನಗುವುದನ್ನೇ ಬಿಟ್ಟಿದ್ದಾರೆಂಬುದು ಅಲ್ಲಿಯವರೆಗೆ ನನಗೆ ಕಂಡೇ ಇರಲಿಲ್ಲ.

ಊರು ತಿರುಗಿ ಮುಗಿದ ಮಧ್ಯಾಹ್ನ ಅವಳು ಪಡಸಾಲೆಯ ನೆಲದ ಮೇಲೆ ಹಾಳೆ ಹರಡಿದಳು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನನ್ನ ಸೇರು, ಪಾವು, ಲಟ್ಟಣಿಗೆ, ಒಳಕಲ್ಲಿನ ಗುಂಡು ಇಟ್ಟಳು. ಹಾಳೆಯ ನಡುವೆ ನಮ್ಮ ಎರಡು ಓಣಿ, ಬಾವಿ, ಬೋರಿಂಗ್. ಅಂಚಿನಲ್ಲಿ ನಮ್ಮ ಹೆಣ್ಣುಮಕ್ಕಳು ಹೋಗಿ ಸೇರಿದ ಊರುಗಳು: ಚನ್ನಗಿರಿ, ಕೆರೆಬಿಳಚಿ, ಹೊನ್ನಾಳಿ. ಅದರ ಮೇಲೆ ಒಂದು ತೆಳು ಹಾಳೆ ಹಾಸಿ, ಕಂದು ಹಲ್ಲಿನ ಮಕ್ಕಳಿಗೆ ಕೆಂಪು ಚುಕ್ಕೆ, ಬಿಳಿ ಹಲ್ಲಿನವರಿಗೆ ಹಸಿರು ಚುಕ್ಕೆ ಇಟ್ಟಳು.

"ಇದ್ರಾಗೆ ಮಕ್ಳು ಈಗ ಎಲ್ಲಿ ಅದಾವೋ ಅಲ್ಲೇ ಇಟ್ಟೀನಿ ಅವ್ವಾ. ಹೆಂಗೆ ಕಾಣ್ತೈತೆ?"

ನನಗೆ ಚೆಲ್ಲಿದ ಕಾಳಿನಂತೆ ಕಂಡಿತು. ಕೆಳಗಿನ ಓಣಿಯಲ್ಲಿ ಕೆಂಪು ಹೆಚ್ಚು, ನಿಜ. ಆದರೆ ಅಲ್ಲೇ ಹಸಿರೂ ಇತ್ತು. ಮೇಲಿನ ಓಣಿಯಲ್ಲೂ ಒಂದು ಕೆಂಪು. ದೂರದ ಕೆರೆಬಿಳಚಿಯಲ್ಲಿ ಒಂದು ಕೆಂಪು, ಅದಕ್ಕೆ ಅಂಟಿಕೊಂಡೇ ಒಂದು ಹಸಿರು. ಅವರಿಬ್ಬರೂ ನನ್ನ ಮೊಮ್ಮಕ್ಕಳು.

"ಈ ಎರಡನೇ ಹಲ್ಲು ಹೊರಗೆ ಕಾಣೋದು ಏಳೆಂಟು ವರ್ಷಕ್ಕೆ. ಒಳಗೆ ತಯಾರಾಗೋದು ಕೂಸಿದ್ದಾಗ್ಲೇ ಅಂತಾರೆ ಡಾಕ್ಟ್ರು" ಎಂದಳು ಹುಡುಗಿ. "ಅದಕ್ಕೇ ಈಗೆಲ್ಲಿದ್ದಾರೆ ಅನ್ನೋದು ಬಿಡ್ರಿ. ಕೂಸಿದ್ದಾಗ ಎಲ್ಲಿದ್ರು, ಹೇಳ್ರಿ." ಇನ್ನೊಂದು ಹೊಸ ಹಾಳೆ ಹಾಸಿದಳು.

ಯಾವ ಕೂಸು ಎಲ್ಲಿ ಹುಟ್ಟಿತು, ಯಾವ ತಾಯಿ ತವರಿನಲ್ಲಿ ಎಷ್ಟು ಕಾಲ ಕೂತಳು ಎಂಬುದನ್ನು ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ನಾನು ಹೇಳುತ್ತ ಹೋದೆ. ನಮ್ಮ ಓಣಿಯ ಆ ಹಸಿರು ಮಕ್ಕಳು ನನ್ನ ಗಂಡನ ದಾಯಾದಿಯವು. ಅಪ್ಪ ಚನ್ನಗಿರಿಯಲ್ಲಿ ಅಡಿಕೆ ಮಂಡಿಯ ಹಮಾಲಿಯಾಗಿದ್ದಾಗ ಅಲ್ಲೇ ಹುಟ್ಟಿ ಬೆಳೆದು ಈಚೆಗೆ ಊರಿಗೆ ಬಂದವು. ಹಸಿರು ಚುಕ್ಕೆಗಳು ಚನ್ನಗಿರಿಗೆ ಹೋದವು. ನಮ್ಮ ರಕ್ತವೇ, ಆದರೆ ಹಲ್ಲು ಬೆಳ್ಳಗೆ. ಮೇಲಿನ ಓಣಿಯ ಆ ಕೆಂಪು ಹುಡುಗಿಯ ತಾಯಿ ನಮ್ಮ ಓಣಿಯ ಮಗಳು. ಗಂಡನ ಜೊತೆ ಜಗಳವಾಗಿ ಕೂಸಿನೊಂದಿಗೆ ತವರಿಗೆ ಬಂದು ವರ್ಷಗಟ್ಟಲೆ ಇದ್ದವಳು. ಆ ಚುಕ್ಕೆ ಕೆಳಗಿನ ಓಣಿಗೆ ಇಳಿಯಿತು. ಅವಳದು ಮೇಲಿನವರ ರಕ್ತ, ಆದರೆ ಹಲ್ಲು ಕಂದು.

"ಈ ಕೆರೆಬಿಳಚಿ ಹುಡುಗಿ?" ಎಂದಳು. ನಾನು ನನ್ನ ಎದೆಯ ಮೇಲೆ ಕೈ ಇಟ್ಟು ತೋರಿಸಿದೆ. ಅವಳು ಅರ್ಥ ಮಾಡಿಕೊಂಡು, ಆ ಕೆಂಪು ಚುಕ್ಕೆಯನ್ನು ತಂದು ನಮ್ಮ ಮನೆಯ ಮೇಲೆ ಇಟ್ಟಳು. ಪಕ್ಕದಲ್ಲಿದ್ದ ಅದರ ತಂಗಿ ಹಸಿರಾಗಿಯೇ ಕೆರೆಬಿಳಚಿಯಲ್ಲಿ ಉಳಿಯಿತು. ಒಂದೇ ಹೊಟ್ಟೆಯ ಎರಡು ಮಕ್ಕಳು.

ಕೊನೆಗೆ ಆ ಹಾಳೆಯನ್ನು ಬಗ್ಗಿ ನೋಡಿದೆ. ಒಂದೂ ಕೆಂಪು ಚುಕ್ಕೆ ಬೇರೆಲ್ಲೂ ಇರಲಿಲ್ಲ. ಎಲ್ಲವೂ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಬೋರಿಂಗಿನ ಸುತ್ತ ಮುತ್ತಿಕೊಂಡಿದ್ದವು. ಹುತ್ತದ ದೋಷ ರಕ್ತ ಹಿಡಿದು ಚನ್ನಗಿರಿಗೂ ಹೋಗಬೇಕಿತ್ತು, ಹೋಗಿರಲಿಲ್ಲ. ಅದು ನಿಂತಲ್ಲೇ ನಿಂತು, ಹತ್ತಿರ ಬಂದ ಕೂಸುಗಳನ್ನು ಹಿಡಿದಿತ್ತು. ನಾನು ದೊಡ್ಡವಳಾಗಿ, ಹಲ್ಲು ಗಟ್ಟಿಯಾದ ಮೇಲೆ ಆ ನೀರು ಕುಡಿದವಳು. ನನ್ನ ಬೆಳ್ಳನೆಯ ಹಲ್ಲೇ ಇಷ್ಟು ವರ್ಷ ಎಲ್ಲರ ಕಣ್ಣಿಗೆ ಮಣ್ಣೆರಚಿತ್ತು.

"ಈ ನೀರಾಗೆ ಫ್ಲೋರೈಡ್ ಅನ್ನೋದು ಜಾಸ್ತಿ ಇರಬೌದು" ಎಂದಳು. "ಬಾಟ್ಲೀಲಿ ತಗಂಡು ಹೋಗ್ತೀನಿ. ಪರೀಕ್ಷೆ ಆಗಿ ಗೊತ್ತಾಗಾಕೆ ತಿಂಗಳುಗಟ್ಲೆ ಹಿಡಿತೈತೆ."

"ನನ್ನ ಚಿಕ್ಕ ಮಗಳ ಹೊಟ್ಟೆಯಾಗಿರೋದು ಅಷ್ಟು ದಿನ ಕಾಯಲ್ಲ ತಾಯಿ. ಅದರ ಚುಕ್ಕಿ ಎಲ್ಲಿಡ್ತೀಯ?"

ಅವಳು ಎರಡೂ ಪೆನ್ಸಿಲ್ಲುಗಳನ್ನು ಕೆಳಗಿಟ್ಟಳು. "ಅದನ್ನ ನೀವು ಹೇಳ್ಬೇಕು ಅವ್ವಾ."

ಗಂಡನಿಗೆ ಹೇಳಿದೆ. ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು, ಮುಖ ಕಪ್ಪಿಟ್ಟಿತು. "ಕಾಗದದ ಮ್ಯಾಗೆ ಚುಕ್ಕಿ ಇಟ್ಟು, ನಾನು ಕೊಟ್ಟಿದ್ದನ್ನ ವಿಷ ಅಂತೀಯೇನು? ಓಣಿಯೋರು ನನ್ನ ಮನೆ ಮುಂದೆ ಬಂದು ಮಕ್ಕಳ ಬಾಯಿ ತೆಗೆದು ತೋರಿಸಿದ್ರೆ ನಾನೇನು ಹೇಳ್ಲಿ?" ಎಂದರು. ಆಮೇಲೆ ದನಿ ತಗ್ಗಿಸಿ, "ದೋಷ ಆದ್ರೆ ಪೂಜೆ ಮಾಡಿ ಕಳಕಬೌದು ಕಣೇ. ನೀರಾದ್ರೆ ಏನ್ ಮಾಡಾಕಾಗ್ತೈತೆ?" ಎಂದರು. ಮರುದಿನ ನನ್ನ ಮುಂದೆಯೇ ಬೋರಿಂಗ್ ಒತ್ತಿ ಬೊಗಸೆ ತುಂಬ ಕುಡಿದು, ಮೀಸೆ ಒರೆಸಿಕೊಂಡು ಹೊಲಕ್ಕೆ ಹೋದರು.

ಕುಬುಸಕ್ಕೆ ಬುತ್ತಿ ಕಟ್ಟಿಕೊಂಡು ಹೊನ್ನಾಳಿಗೆ ಹೋದೆವು. ಹಸಿರು ಸೀರೆ, ಹಸಿರು ಬಳೆ, ಮಡಿಲು ತುಂಬ ಹಣ್ಣು. ಮಗಳು ಪೆಟ್ಟಿಗೆ ಕಟ್ಟಿ ಬಾಗಿಲ ಹತ್ತಿರವೇ ಇಟ್ಟಿದ್ದಳು. ಆರತಿ ಮುಗಿದು ಇನ್ನೇನು ಹೊರಡಬೇಕು ಎನ್ನುವಾಗ ನಾನು ಬೀಗಿತ್ತಿಯ ಮುಂದೆ ನಿಂತು, "ನಾನು ಕರ್ಕಂಡು ಹೋಗಾಕೆ ಬಂದಿಲ್ರಿ" ಎಂದೆ.

ತವರಿನವರೇ ಮೊದಲ ಬಾಣಂತನ ಬೇಡ ಎನ್ನುವುದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಗಂಡ ಎದ್ದು ಹೊರಗೆ ಹೋದರು.

"ಏನ್ರಿ ಬೀಗ್ತೇರೆ, ಮಗಳ ಬಾಣಂತನ ಭಾರ ಆತೇನು?" ಎಂದರು ಬೀಗಿತ್ತಿ.

"ಭಾರ ಅಲ್ರಿ, ಅಂಜಿಕೆ. ನಮ್ಮ ಬಾಗಿಲಲ್ಲಿರೋ ನೀರಿಗೆ ಅಂಜಿಕೆ." ಬೀಗಿತ್ತಿಯ ಕೈ ಹಿಡಿದುಕೊಂಡೆ. "ನೀವು ಹೊಳೆ ನೀರು ಕುಡಿಯೋರು. ಕೂಸು ಇಲ್ಲೇ ಹುಟ್ಲಿ, ಇಲ್ಲೇ ಬೆಳೀಲಿ. ನಾನೇ ಬಂದು ಎರೀತೀನಿ, ನಿಮ್ಮ ಒಲೆ ಮುಂದೆ ಕೂರ್ತೀನಿ. ಬೈದ್ರೆ ಬೈಸ್ಕಂತೀನಿ."

ಮಗಳು ಅಳತೊಡಗಿದಳು. "ಅಕ್ಕನ್ನ ಕರ್ಕಂಡು ಹೋದಿ. ನಾನೊಬ್ಬಳೇ ಬ್ಯಾಡಾದ್ನೇನವ್ವಾ?"

ಅವಳನ್ನು ತಬ್ಬಿಕೊಂಡೆ, ಆದರೆ ಪೆಟ್ಟಿಗೆ ಎತ್ತಲಿಲ್ಲ. ಬೀಗಿತ್ತಿ ಆ ಪೆಟ್ಟಿಗೆಯನ್ನು ಒಳಕ್ಕೆ ಸರಿಸಿ, "ಬೈಯಾಕೆ ನನಗೂ ಒಬ್ರು ಬೇಕಾಗಿತ್ತು ಬಿಡ್ರಿ. ಸೊಸೆಗೆ ಬೈದು ಬೈದು ಬ್ಯಾಸರಾಗಿತ್ತು. ಬರ್ರಿ" ಎಂದರು.

ಹೆಣ್ಣು ಕೊಟ್ಟ ಮನೆಯಲ್ಲಿ ತಾಯಿಯಾದವಳು ತಿಂಗಳುಗಟ್ಟಲೆ ಉಣ್ಣುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಬಂದುಹೋದವರೆಲ್ಲ ಕುಶಾಲಿಗೆ ಒಂದೊಂದು ಚುಚ್ಚಿದರು. ಹೆಣ್ಣು ಕೂಸು ಹುಟ್ಟಿದಾಗ ಎಲ್ಲ ಮರೆತೆ. ಅದರ ಅಂಗಾಲಿಗೆ ಮುತ್ತಿಟ್ಟೆ, ಅದರ ಆಕಳಿಕೆ ಕಂಡು ಓಣಿಗೆಲ್ಲ ಕೇಳುವಂತೆ ನಕ್ಕೆ. ಹುಟ್ಟಿದ ಮಗುವಿನ ಬಾಯಿಗೆ ಯಾರು ಚಮಚ ಹಿಡಿದರೂ "ಯಾವ ನೀರು? ಹೊಳೇದೇನಾ?" ಎಂದು ಕೇಳುತ್ತಿದ್ದೆ. ಮಗಳು ತಿಂಗಳು ತುಂಬುವವರೆಗೂ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ಗಂಡ ಕೂಸು ನೋಡಲು ಬಂದವರು ನನ್ನನ್ನು ನೋಡದೆ ಹೋದರು.

ನಾನು ಊರಿಗೆ ಮರಳಿದ ಮೇಲೆ, ನೀರಿನ ಪರೀಕ್ಷೆಯಾಯಿತೆಂದು ಹೇಳಲು ನ್ಯಾಮತಿಯ ಹುಡುಗಿ ತಾನೇ ಬಂದಳು. ಅವಳ ಅನುಮಾನ ನಿಜವಾಗಿತ್ತು. ಮೇಲಿನ ಓಣಿಯವರಿಗೂ ಹಾಳೆ ಹಾಸಿ ತೋರಿಸಿದಳು. ಅವರು ಕುಡಿಯುವ ನೀರಿಗೆ ಬಾವಿ ಬಿಟ್ಟುಕೊಟ್ಟರು. ನಾನು ಕೊಡ ಹಿಡಿದು ಹೋದೆ, ಕೆಲವರು ಬಂದರು. ಬಹಳ ಮಂದಿ ಬರಲಿಲ್ಲ. ಬೋರಿಂಗ್ ಬಾಗಿಲಲ್ಲಿತ್ತು, ನೀರು ತಿಳಿಯಾಗಿತ್ತು, ಕುಡಿದ ಕೂಡಲೇ ಯಾರಿಗೂ ಏನೂ ಆಗುತ್ತಿರಲಿಲ್ಲ. ಗಂಡ ತಮ್ಮ ತಂಬಿಗೆಯನ್ನು ಬೇರೆ ಇಟ್ಟುಕೊಂಡು ಅದರಲ್ಲಿ ಬೋರಿಂಗಿನ ನೀರನ್ನೇ ತುಂಬಿ ಕುಡಿದರು. ಮುಂಜಾನೆಯಿಂದ ಸಂಜೆಯವರೆಗೆ ಆ ಕೈ ಕಿರಗುಟ್ಟುವಾಗ, ಇದು ಯಾವ ಕೂಸಿನ ಗಂಜಿಗೋ ಎಂದು ಬಾಗಿಲಿಗೆ ಬಂದು ನೋಡುತ್ತಿದ್ದೆ.

ನನ್ನ ತೀರ್ಮಾನ ಸರಿಯೋ ತಪ್ಪೋ ತಿಳಿಯಲು ಆ ಮಗುವಿಗೆ ಏಳು ತುಂಬಬೇಕಿತ್ತು. ಅಷ್ಟೂ ವರ್ಷ ನಾನು ಅವಳ ನಗುವನ್ನು ಅರ್ಧವೇ ಅನುಭವಿಸಿದೆ. ಮುಂದಿನ ಹಾಲುಹಲ್ಲು ಬಿದ್ದಿದೆ ಎಂದು ಸುದ್ದಿ ಬಂದ ಮೇಲೆ ರೊಟ್ಟಿ ಸೇರಲಿಲ್ಲ. ಹೊಸದು ಬಂದಿದೆ ಎಂದು ಗೊತ್ತಾದ ಕೂಡಲೇ ಬಸ್ಸು ಹತ್ತಿದೆ. ಹೊನ್ನಾಳಿಯಲ್ಲಿ ಇಳಿದು, ಕಾಲು ತೊಳೆಯದೆ ಮಗುವನ್ನು ಬಿಸಿಲಿಗೆ ಎಳೆದು, ಗದ್ದ ಹಿಡಿದು ತುಟಿ ಎತ್ತಿದೆ. ಈ ಕಡೆಯಿಂದ ನೋಡಿದೆ, ಆ ಕಡೆಯಿಂದ ನೋಡಿದೆ, ಸೆರಗಿನಿಂದ ಒರೆಸಿ ನೋಡಿದೆ. ಗೆರೆಯಿಲ್ಲ. ಎರಡೂ ಹಲ್ಲು ಹಸಿ ತೆಂಗಿನಕಾಯಿ ಒಡೆದ ಹಾಗೆ ಬೆಳ್ಳಗೆ.

ಬೀಗಿತ್ತಿ ಬಾಗಿಲಲ್ಲಿ ನಿಂತು, "ಎತ್ತಿನ ಹಲ್ಲು ನೋಡ್ದಂಗೆ ನೋಡ್ತೀರಲ್ರಿ ಬೀಗ್ತೇರೆ! ಸಂತೆಗೆ ಹೊಡೀತೀರೇನು ನನ್ನ ಮೊಮ್ಮಗಳನ್ನ?" ಎಂದರು.

ನಾನು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ಗಿರಗಿರನೆ ತಿರುಗಿದೆ. ಅದು "ಅಜ್ಜೀ, ಬಿಡೇ, ಬೀಳ್ತೀನಿ" ಎಂದು ಕಿರುಚಿತು. ಮಗಳು ಒಳಗಿಂದ ಬಂದು ನೋಡಿ, ನನ್ನ ಜಾರಿದ ಸೆರಗನ್ನು ಎತ್ತಿ ಭುಜಕ್ಕೆ ಹಾಕಿದಳು.

ಊರಿಗೆ ಬಂದಾಗ ಗಂಡ ಕಟ್ಟೆಯ ಮೇಲಿದ್ದರು. ನಾನು ಬಾಯಿ ತೆಗೆಯುವ ಮೊದಲೇ, "ಹೆಂಗದಾವೆ?" ಎಂದರು.

"ಬೆಳ್ಳಗದಾವೆ. ಒಂದು ಗೆರೆ ಇಲ್ಲ."

ಬೋರಿಂಗಿನ ಹತ್ತಿರ ಪಕ್ಕದ ಮನೆಯ ಸೊಸೆ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಕೊಡ ತುಂಬುತ್ತಿದ್ದಳು. ಒಂದು ಬೊಗಸೆ ನೀರನ್ನು ಕೂಸಿನ ಬಾಯಿಗೆ ಒಯ್ದಳು. ಅವರು ಎದ್ದು, ಅಂಗಳ ದಾಟಿ ಹೋಗಿ, ಅವಳ ಕೈಗೆ ಅಡ್ಡವಾಗಿ ತಮ್ಮ ಕೈ ಹಿಡಿದರು.

"ಕುಡಿಸಬ್ಯಾಡ ತಾಯಿ" ಎಂದರು. "ಈ ಜಾಗ ಕೊಟ್ಟೋನು ನಾನೇ. ನಾನೇ ಹೇಳ್ತಾ ಇದೀನಿ, ಕೂಸಿಗೆ ಈ ನೀರು ಕುಡಿಸಬ್ಯಾಡ."